ಚುಟಿಗೆ ಬೀಳದ ಹೊಟ್ಟೆ

ಈ ಸಲ ಎಳ್ಳಮವಾಸ್ಯೆಗೆ ನನ್ನ ಮಗಳು ರೇಣುಕಾ ತನ್ನ ಮಗಳನ್ನು ಕರೆದುಕೊಂಡು ಗಿಣಿಗೇರಾದಿಂದ ಬಂದಿದ್ದಳು. ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಕೂತು ಬಂದದ್ದಕ್ಕೆ ಮೊಮ್ಮಗಳು ಸಾನ್ವಿಗೆ ಮೂಗು ಕಟ್ಟಿತ್ತು. ಬೆಳಿಗ್ಗೆ ನಾನು ಪಡಸಾಲೆಯಲ್ಲಿ ಪುಂಡಿಸೊಪ್ಪು ಸೋಸುತ್ತ ಕೂತಿದ್ದೆ. ಅಡುಗೆಮನೆಯಿಂದ ಒಂದು ವಾಸನೆ ಬಂತು. ಅರಿಷಿಣದ ಕೊಂಬನ್ನು ಬೆಂಕಿಗೆ ಹಿಡಿದರೆ ಬರುತ್ತದಲ್ಲ, ಆ ವಾಸನೆ. ಸೊಪ್ಪಿನ ಬುಟ್ಟಿ ಎಲ್ಲಿ ಉರುಳಿತೋ, ಈ ಮೊಣಕಾಲು ಇಟ್ಟುಕೊಂಡು ನಾನು ಹೇಗೆ ಎದ್ದೆನೋ ತಿಳಿಯದು. ಹೋಗಿ ರೇಣುಕಾಳ ಕೈಯಿಂದ ಕೊಂಬು ಕಸಿದು ನೀರಿನ ತಂಬಿಗೆಯೊಳಗೆ ಹಾಕಿಬಿಟ್ಟೆ. ಚುಯ್ ಎಂದಿತು.

"ಯವ್ವಾ, ಏನಾತಬೇ ನಿನಗ? ಮೂಗಿಗೆ ಹೊಗಿ ಕೊಡಾಕ ಸುಟ್ಟೀನಿ," ಎಂದಳು ರೇಣುಕಾ. ಆಮೇಲೆ ನನ್ನ ಮುಖ ನೋಡಿ ತಾನೇ ಒಲೆ ಆರಿಸಿದಳು.

ಸಾನ್ವಿ ಮಾತ್ರ ತಂಬಿಗೆಯಲ್ಲಿ ಇಣುಕಿ, "ಅಜ್ಜಿ, ಅದು ಸತ್ತಹೋತೇನು?" ಎಂದು ಕೇಳಿದಳು.

ಸತ್ತಿಲ್ಲ ನನ್ನ ಬಂಗಾರಾ. ಅದು ಅಷ್ಟು ಸುಲಭಕ್ಕೆ ಸಾಯುವ ಜಾತಿಯಲ್ಲ.

ಈ ಹುಡುಗಿಯ ಬಗ್ಗೆ ನಾನು ಬಾಯಿ ತೆರೆದರೆ ಸಾಕು, ನಮ್ಮ ಯಜಮಾನರು ಚಪ್ಪಲಿ ಹುಡುಕುತ್ತಾರೆ. ಅಷ್ಟು ಸಲ ಹೇಳಿದ್ದೇನೆ. ಹೋದರೆ ಹೋಗಲಿ, ನಾನು ಹೇಳುವುದು ಬಿಡುವುದಿಲ್ಲ. ಒಂದನೇ ಈಯತ್ತೆ ಕಲಿಯುವ ಕೂಸು, ಕೊಪ್ಪಳದಿಂದ ಯಲಬುರ್ಗಾದ ತನಕ ದಾರಿಯ ಒಂದು ಬೋರ್ಡೂ ಬಿಡದೆ ಗಟ್ಟಿಯಾಗಿ ಓದಿಕೊಂಡು ಬಂದಿದೆ. ಕಂಡಕ್ಟರನು ಬಾಗಿಲು ಹಾಕದೆ ಸೀಟಿ ಊದಿದ್ದಕ್ಕೆ "ನಿಮಗ ಯಾರೂ ಹೇಳಿಕೊಟ್ಟಿಲ್ಲೇನ್ರಿ?" ಎಂದು ಕೇಳಿದಳಂತೆ. ಇಡೀ ಬಸ್ಸು ನಕ್ಕಿತಂತೆ. ಅವಳು ನಕ್ಕರೆ ಕೂತ ಹೊರಸು ಅಲುಗಾಡುತ್ತದೆ. ಆ ನಗುವನ್ನು ಡಬ್ಬಿಯಲ್ಲಿ ತುಂಬಿ ಇಡುವಂತಿದ್ದರೆ ನಾನು ಜೋಳದ ಹಗೇವು ಖಾಲಿ ಮಾಡಿ ಅದನ್ನೇ ತುಂಬುತ್ತಿದ್ದೆ. ಆ ನಗು ಹೊರಡುವ ಎದೆಗೂಡು ಆರು ವರ್ಷದ ಹಿಂದೆ, ಇದೇ ಎಳ್ಳಮವಾಸ್ಯೆಯ ದಿನ, ಕಮ್ಮಾರನ ತಿದಿಯ ಹಾಗೆ ಒಳಗೆ ಸೇದಿಕೊಳ್ಳುತ್ತಿತ್ತು. ಅದನ್ನು ನೆನೆದರೆ ನನಗೆ ಅಳು ಬರುವುದಿಲ್ಲ. ಅಸಹ್ಯ ಬರುತ್ತದೆ. ಊರಿನ ಮೇಲೆ, ಓದಿದ ನನ್ನ ತಮ್ಮನ ಮೇಲೆ, ಎಲ್ಲಕ್ಕಿಂತ ಹೆಚ್ಚು ನನ್ನ ಮೇಲೆ.

ಆ ವರ್ಷ ಹಿಂಗಾರಿ ಛಲೋ ಬಂದಿತ್ತು. ನಮ್ಮ ಎರೆಹೊಲದಲ್ಲಿ ಬಿಳಿಜೋಳ ಎದೆಮಟ್ಟ ನಿಂತಿತ್ತು. ಕಡಲೆ ಗಿಡಕ್ಕೆ ಹುಳಿ ಇಳಿದು, ಬೆಳಗಿನ ಹೊತ್ತು ಹೊಲಕ್ಕೆ ಹೋದವರ ಸೀರೆಯ ಅಂಚು ಅದರಲ್ಲೇ ತೋಯ್ದು ಬರುತ್ತಿತ್ತು. ಚಳಿ ಎಲುಬಿಗೆ ಇಳಿಯುವಂಥದ್ದು. ರೇಣುಕಾ ಚೊಚ್ಚಲ ಹೆರಿಗೆಗೆ ಬಂದವಳು ಹೆಣ್ಣು ಹಡೆದಿದ್ದಳು. ತಾಯಿ ಮಗು ಇಬ್ಬರನ್ನೂ ಒಳಕೋಣೆಯಲ್ಲಿ ಮಲಗಿಸಿ, ಬಾಗಿಲಿಗೆ ಕಂಬಳಿ ಕಟ್ಟಿ, ಕಿಟಕಿಗೆ ಚೀಲ ತುರುಕಿ, ಹೊರಸಿನ ಕೆಳಗೆ ಸಗಣಿ ಕುಳ್ಳಿನ ಕೆಂಡ ಇಟ್ಟಿದ್ದೆ. ಗಾಳಿ ಒಳಗೆ ಬರಬಾರದು. ಹೊಗೆ ಒಳಗೇ ಇರಬಹುದು. ಇದು ನಮ್ಮ ಬಾಣಂತನದ ಬುದ್ಧಿ. ನಾನು ಒಳಗೆ ಹೋದರೆ ಕೆಮ್ಮಿ ಹೊರಗೆ ಬರುತ್ತಿದ್ದೆ, ಕೂಸು ಮಾತ್ರ ಅಲ್ಲೇ ಬೆಚ್ಚಗಿರಲಿ ಎನ್ನುತ್ತಿದ್ದೆ.

ದಿನಾ ಬೆಳಿಗ್ಗೆ ರೇಣುಕಾಳಿಗೆ ಎರೆಯುವವಳು ನಾನೇ. ಕುದಿನೀರು ಹೊಯ್ದು ಹೊಟ್ಟೆ ಒತ್ತಬೇಕು. ಒತ್ತುವಾಗ ಹೊಕ್ಕಳ ಸುತ್ತಲಿನ ನಾಲ್ಕು ಕಲೆಗಳು ಅಂಗೈಗೆ ಹತ್ತುತ್ತಿದ್ದವು. ಅವು ಚುಟಿಗೆಯ ಕಲೆ. ತಿಳಿಯದವರಿಗೆ ಹೇಳುತ್ತೇನೆ. ನಮ್ಮ ಕಡೆ ಹಸುಗೂಸು ಮೊಲೆ ಬಿಟ್ಟರೆ, ಹಳದಿಯಾದರೆ, ಉಸಿರಿಗೆ ಅಳ್ಳೆ ಬಡಿದರೆ, ಅರಿಷಿಣದ ಕೊಂಬನ್ನು ದೀಪಕ್ಕೆ ಹಿಡಿದು ಕೆಂಡ ಮಾಡಿ ಕೂಸಿನ ಹೊಟ್ಟೆಗೆ ಚುಚ್ಚುತ್ತಾರೆ. ಅದೇ ಚುಟಿಗೆ. ರೇಣುಕಾಗೆ ಹಾಕಿಸಿದಾಗ ಕಲೆ ಜೋಳದ ಕಾಳಿನಷ್ಟಿತ್ತು. ಬಸುರಾಗಿ ಹೊಟ್ಟೆ ಹಿಗ್ಗಿದ ಮೇಲೆ ಹುಣಸೆಬೀಜದಷ್ಟಾಗಿತ್ತು. ಸುಟ್ಟ ಗಾಯವೂ ಮಗುವಿನ ಜೊತೆ ಬೆಳೆಯುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅವಳಿಗೆ ಯಾಕೆ ಹಾಕಿಸಿದೆ? ಅವಳಿಗಿಂತ ಮೊದಲು ನನಗೊಂದು ಗಂಡು ಹುಟ್ಟಿತ್ತು. ಐದನೇ ದಿನ ಮೊಲೆ ಬಿಟ್ಟಿತು. ಊರಿನಲ್ಲಿ ಚುಟಿಗೆ ಹಾಕುವವಳು ಹನುಮವ್ವ. ಅವಳು ಬಂದು ಹಾಕಿದಳು. ಏಳನೇ ದಿನ ಕೂಸು ಹೋಯಿತು. "ಒಂದ ದಿನ ತಡಾ ಆತವಾ. ನಿನ್ನಿ ಕರದಿದ್ರ ಉಳೀತಿತ್ತು," ಎಂದಳು. ಆ ಮಾತನ್ನು ನಾನು ನಂಬಿ ನನ್ನನ್ನೇ ಶಪಿಸಿಕೊಂಡೆ. ಆಮೇಲೆ ರೇಣುಕಾ ಹುಟ್ಟಿದಾಗ ಈ ಸಲ ತಡವಾಗಬಾರದೆಂದು, ಜಡ್ಡಿಲ್ಲ ಜಾಪತ್ರೆಯಿಲ್ಲ, ಗುಂಡುಕಲ್ಲಿನಂತಿದ್ದ ಕೂಸಿಗೆ ಮೂರನೇ ದಿನವೇ ಹಾಕಿಸಿದೆ. ರೇಣುಕಾ ಬದುಕಿದಳು. ಚುಟಿಗೆ ಬದುಕಿಸಿತು ಎಂದರು. ನಾನೂ ಅಂದೆ. ಊರ ತುಂಬ ಹೇಳಿದೆ.

ಈಗ ಲೆಕ್ಕ ನೋಡಿರಿ. ಕೂಸು ಉಳಿದರೆ ಚುಟಿಗೆಯಿಂದ. ಸತ್ತರೆ ತಡವಾದದ್ದರಿಂದ. ಎರಡೂ ಕಡೆಯಿಂದ ಒಬ್ಬನೇ ಗೆಲ್ಲುವ ಆಟವನ್ನು ಇಸ್ಪೀಟಿನ ಕಟ್ಟೆಯ ಮೇಲೂ ಯಾರೂ ಆಡುವುದಿಲ್ಲ. ಎಲೆ ಎಸೆದು ಎದ್ದು ಹೋಗುತ್ತಾರೆ. ನಾವು ಕೂಸುಗಳನ್ನು ಇಟ್ಟು ಆಡಿದೆವು, ಮೂವತ್ತು ವರ್ಷ. ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗ ತೊಟ್ಟು ಹಿಡಿದು ತಿರುಗಿಸಿ ನೋಡುವ ಹೆಂಗಸರು ನಾವು. ಹುಳುಕಿನ ಒಂದು ತೂತು ನಮ್ಮ ಕಣ್ಣಿಗೆ ತಪ್ಪುವುದಿಲ್ಲ. ಈ ಮಾತಿನಲ್ಲಿದ್ದ ಇಷ್ಟು ದೊಡ್ಡ ತೂತು ಒಬ್ಬಳಿಗೂ ಕಾಣಲಿಲ್ಲ.

ಎಳ್ಳಮವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಹೊಲದಲ್ಲಿರುತ್ತದೆ. ಸಜ್ಜೆರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಪುಂಡಿಪಲ್ಯ ಬುಟ್ಟಿಯಲ್ಲಿ ಹೊತ್ತು ಹೋಗಿ, ಬನ್ನಿಗಿಡದ ಬುಡದಲ್ಲಿ ಪೂಜೆ ಮಾಡಿ, ಬೆಳೆಗೆ ಚರಗವೆಂದು ಅನ್ನ ಚೆಲ್ಲಿ ಉಂಡು ಬರುವುದು. ಯಜಮಾನರು ಆಳುಗಳ ಜೊತೆ ಬೆಳಿಗ್ಗೆಯೇ ಹೋಗಿದ್ದರು. ಬಾಣಂತಿಯ ಸಲುವಾಗಿ ನಾನು ಮನೆಯಲ್ಲಿ ಉಳಿದಿದ್ದೆ. ಕೂಸಿಗೆ ಇಪ್ಪತ್ತನಾಲ್ಕು ದಿನ. ಹಿಂದಿನ ದಿನವೇ ಮೂಗು ಸೊರಸೊರ ಎನ್ನುತ್ತಿತ್ತು. ಆ ಬೆಳಿಗ್ಗೆ ಮೊಲೆ ಬಿಟ್ಟಿತು. ಎದೆ ಬಿಚ್ಚಿ ನೋಡಿದರೆ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದೆ, ಏಳುತ್ತಿದೆ. ಅಳ್ಳೆ ಬಡಿಯುತ್ತಿತ್ತು.

ನಾನು ಏನು ಮಾಡಿದೆ ಗೊತ್ತೇ? ದವಾಖಾನೆ ಎನ್ನಲಿಲ್ಲ. ಈ ಸಲ ತಡವಾಗಬಾರದು ಎಂದೆ. ನಾನೇ ಹೋಗಿ ಹನುಮವ್ವನನ್ನು ಕರೆದುಕೊಂಡು ಬಂದೆ.

ರೇಣುಕಾ ಕೂಸನ್ನು ಎದೆಗೊತ್ತಿಕೊಂಡು ಗೋಡೆಗೆ ಸರಿದಳು. "ಬ್ಯಾಡಬೇ ಯವ್ವಾ. ಕೊಪ್ಪಳಕ್ಕ ಹೋಗೂಣು."

"ಬಾಣಂತಿ ಊರ ಸೀಮಿ ದಾಟಬಾರದು. ಅದೂ ಅಮವಾಸ್ಯಿ," ಎಂದೆ.

"ನನ್ನ ಹೊಟ್ಟಿ ದಿನಾ ತಿಕ್ತೀಯಲ್ಲ, ನಿನ್ನ ಕೈಗೆ ಏನೂ ಹತ್ತಂಗಿಲ್ಲೇನು?"

"ಅದಕ್ಕಽ ಉಳದೀ ನೀನು," ಎಂದೆ. ಎಂದು, ಅವಳ ತೋಳಿನಿಂದ ಕೂಸನ್ನು ಕಿತ್ತುಕೊಂಡೆ. ಇಪ್ಪತ್ತನಾಲ್ಕು ದಿನದ ಬಾಣಂತಿಗೆ ತೋಳಿನಲ್ಲಿ ಎಷ್ಟು ಬಲ ಇರುತ್ತದೆ?

ಚುಟಿಗೆ ಹಾಕುವಾಗ ಹಡೆದವಳು ಕೂಸಿನ ಕಾಲು ಹಿಡಿಯಬಾರದು, ಅವಳ ಕೈ ನಡುಗುತ್ತದೆ. ಹಡೆದವಳ ಅವ್ವ ಹಿಡಿಯಬೇಕು. ಅದು ರೂಢಿ. ನಾನು ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎರಡು ಪುಟ್ಟ ಹಿಮ್ಮಡಿಗಳನ್ನು ಒಂದು ಮುಷ್ಟಿಯಲ್ಲಿ ಹಿಡಿದೆ. ಅಷ್ಟೇ ಇತ್ತು ಅದು. ಹನುಮವ್ವ ಕಂಕುಳಲ್ಲಿದ್ದ ತನ್ನ ಎರಡು ವರ್ಷದ ಮೊಮ್ಮಗಳನ್ನು ಕೆಳಗಿಳಿಸಿ, ದೀಪ ಹಚ್ಚಿ, ಕೊಂಬು ಹಿಡಿದಳು. ವಾಸನೆ ಎದ್ದಿತು. ಕೊಂಬಿನ ತುದಿ ಕೆಂಪಗಾಯಿತು.

"ಗಟ್ಟಿ ಹಿಡಿಯವಾ. ಒದರಲಿ. ಒದರಿದ್ರ ಜೀವ ಐತಿ ಅಂತ," ಎಂದಳು ಹನುಮವ್ವ.

ಆಗ ಅವಳ ಮೊಮ್ಮಗಳು, ಸೊಳ್ಳೆ ಕಡಿದಿತ್ತೋ ಏನೋ, ಅಂಗಿ ಎತ್ತಿ ಹೊಟ್ಟೆ ಕೆರೆದುಕೊಂಡಿತು. ನನ್ನ ಕಣ್ಣೆದುರಿಗೇ. ಆ ಹೊಟ್ಟೆ ತೊಳೆದಿಟ್ಟ ಗಂಗಾಳದ ಹಾಗೆ ನುಣ್ಣಗಿತ್ತು.

"ಹನುಮವ್ವಾ, ಇದರ ಹೊಟ್ಟಿ ಮ್ಯಾಲ ಎಲ್ಲೆದಾವ?"

"ಏನು?"

"ಚುಟಿಗಿ."

"ಅದಕ್ಕೇನಾಗಿತ್ತವಾ ಹಾಕಾಕ?"

"ಹೋದ ಚಳಿಗಾಲದಾಗ ಇದಕ್ಕೂ ಅಳ್ಳಿ ಬಡದಿತ್ತಲ್ಲ. ನೀವ್ಯಾರೂ ಎಂಟು ದಿನ ಊರಾಗ ಇದ್ದಿದ್ದಿಲ್ಲ."

"ನಮ್ಮ ಸೊಸಿ ಮಾತ ಕೇಳತಾಳೇನು? ಎತಿಗೊಂಡು ದವಾಖಾನಿಗೆ ಓಡಿದ್ಲು. ನಾನೂ ಬೆನ್ನ ಹತ್ತಿ ಹೋದೆ. ಈಗಿನ ಹುಡಿಗ್ಯಾರಿಗೆ ಯಾರ ಹೇಳಬೇಕು."

"ಉಳೀತಲ್ಲ."

"ಉಳೀತು, ದೇವರ ದಯಾ. ಹಿಡಿಬೇ, ಕೊಂಬು ಆರಾಕತ್ತೈತಿ."

ಅವಳ ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ. ಸುಳ್ಳು ಹೇಳುವವರಿಗೆ ಇರುವ ಅಂಜಿಕೆಯೂ ಇರಲಿಲ್ಲ. ಅವಳು ಕೆಟ್ಟವಳಲ್ಲ. ಯಾರಿಂದಲೂ ಒಂದು ಸೇರು ಜೋಳ ಕೇಳಿದವಳಲ್ಲ. ತನ್ನ ಮೊಮ್ಮಗಳು ದವಾಖಾನೆಯಲ್ಲಿ ಉಳಿದದ್ದೂ, ನನ್ನ ಮೊಮ್ಮಗಳನ್ನು ತಾನು ಸುಡುವುದೂ ಅವಳ ತಲೆಯಲ್ಲಿ ಎರಡು ಬೇರೆ ಕೋಣೆಯಲ್ಲಿದ್ದವು, ನಡುವೆ ಬಾಗಿಲೇ ಇರಲಿಲ್ಲ. ನನ್ನ ತಲೆ ಮಾತ್ರ ಏನು ಅರಮನೆಯಾಗಿತ್ತೇ? ಕೂಸಿನ ಕಾಲು ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು.

ಬಿಟ್ಟೆ. ಮುಷ್ಟಿ ಬಿಚ್ಚಿ ಕೂಸನ್ನು ರೇಣುಕಾಳ ಕೈಗೆ ಕೊಟ್ಟೆ. "ನಡಿ ಕೊಪ್ಪಳಕ್ಕ," ಎಂದೆ.

ಹೊರಗೆ ಅಂಗಳದಲ್ಲಿ ಕಾರು ನಿಂತಿತ್ತು. ನನ್ನ ತಮ್ಮ ವೀರೇಶನದು. ಅವನು ಕೊಪ್ಪಳದಲ್ಲಿ ಕಚೇರಿ ಗುಮಾಸ್ತ, ಚರಗದ ಊಟಕ್ಕೆ ಬಂದಿದ್ದ. ಹೊಲಕ್ಕೆ ಹೋಗುವ ಮುಂಚೆ ರುಚಿ ನೋಡುತ್ತೇನೆಂದು ಕುರ್ಚಿ ಹಾಕಿಸಿಕೊಂಡು ಕೂತು ಎರಡನೇ ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದ. ಈ ತಮ್ಮನನ್ನು ಎತ್ತಿಕೊಳ್ಳಲಿಕ್ಕೆಂದೇ ನನ್ನನ್ನು ಮೂರನೇ ಈಯತ್ತೆಗೆ ಸಾಲಿ ಬಿಡಿಸಿದ್ದರು. ನನ್ನ ಸೊಂಟದ ಮೇಲೆ ಬೆಳೆದು ಅವನು ಪದವಿ ಓದಿದ.

"ಅಕ್ಕಾ, ಅವಸರ ಮಾಡಬ್ಯಾಡ," ಎಂದ. "ಚುಟಿಗಿ ಅಂದ್ರ ಸುಮ್ಮನ ಅಲ್ಲ. ಬಿಸಿ ತಾಗಿದ್ರ ನರ ಚುರುಕಾಗ್ತಾವ. ಅದರಾಗ ಸೈನ್ಸ್ ಐತಿ. ಮೊಬೈಲಿನ್ಯಾಗ ಬಂದಿತ್ತು, ತೋರಸ್ಲೇನು?"

"ಅಷ್ಟು ಸೈನ್ಸ್ ಇದ್ರ ನಿನ್ನ ಹೊಟ್ಟಿಗೆ ಎಷ್ಟು ಹಾಕಿಸಿಕೊಂಡಿ? ಗ್ಯಾಸಾತು ಅಂತ ಮೊನ್ನೆ ಹುಬ್ಬಳ್ಳಿ ತನಕ ಹೋಗಿದ್ದೆಲ್ಲ?"

"ಅದು ಬ್ಯಾರೆ. ಇದು ಹಸುಗೂಸಿನ ಮಾತು. ಮತ್ತ ಇವತ್ತ ಅಮವಾಸ್ಯಿ. ಹಸಿ ಬಾಣಂತೀನ ಗಾಡ್ಯಾಗ ಹಾಕ್ಕೊಂಡು ಹೋಗೂದಂದ್ರ..."

"ಅಮವಾಸ್ಯಿ ದಿನಾನಽ ಗಾಡಿ ಹೊಡಕೊಂಡು ಬಂದೀಯಲ್ಲ ಕಡಬು ತಿನ್ನಾಕ. ಬರಾಕ ಇಲ್ಲದ್ದು ಹೋಗಾಕ ಐತೇನು?"

ಅವನು ಬಾಯಲ್ಲಿದ್ದದ್ದನ್ನು ನುಂಗಿದ. ನಾನು ಕಾರಿನ ಬಾಗಿಲು ತೆಗೆದು ರೇಣುಕಾಳನ್ನು ಕೂರಿಸಿದೆ. "ವೀರೇಶಾ, ನಿನ್ನ ಎತಿಗೊಂಡು ನಾನು ಎರಡು ವರ್ಷ ತಿರುಗೀನಿ. ನನ್ನ ಮೊಮ್ಮಗಳನ್ನ ನೀನು ಒಂದು ತಾಸು ಎತಿಗೊಂಡು ನಡಿ. ಕೈ ತೊಳಕೊಳ್ಳೂದು ಬ್ಯಾಡ, ಹಂಗಽ ನಡಿ."

ಹೊರಟ. ಹೊರಡುವ ಮುಂಚೆ, ನಂಬಿದರೆ ನಂಬಿರಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಡಲಿಕ್ಕೆ ಇಳಿದ. ಕೂಸು ಉಸಿರಿಗೆ ಒದ್ದಾಡುತ್ತಿದೆ, ಪದವಿ ಓದಿದ ಮನುಷ್ಯ ನಿಂಬೆಹಣ್ಣು ಹುಡುಕುತ್ತಿದ್ದಾನೆ. ಓದು ಬುದ್ಧಿ ಕೊಡುತ್ತದೆ ಎಂದು ನನ್ನ ಜೀವಮಾನವೆಲ್ಲ ಹೊಟ್ಟೆಕಿಚ್ಚು ಪಟ್ಟಿದ್ದೆ. ಆ ದಿನ ಆ ಹೊಟ್ಟೆಕಿಚ್ಚು ಆರಿತು. ಓದಿದ ದಡ್ಡ ಅಂಜಿಕೆಗೆ ಇಂಗ್ಲಿಷಿನ ಅಂಗಿ ತೊಡಿಸುತ್ತಾನೆ. ಓದದ ದಡ್ಡಿ ಅದನ್ನು ಬರಿಮೈಯಲ್ಲೇ ತಿರುಗಿಸುತ್ತಾಳೆ. ನಮ್ಮಿಬ್ಬರ ನಡುವಿನ ಅಂತರ ಅಷ್ಟೇ.

ದಾರಿಯುದ್ದಕ್ಕೂ ಹೊಲಗಳಲ್ಲಿ ಜನ. ಹೊಸ ಸೀರೆ, ಬಿಳಿ ಪಟಕ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಬೆಳೆಯೊಳಗೆ ಅನ್ನ ತೂರುತ್ತಿದ್ದರು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯೂಟ. ಅದು ನನಗೆ ಈಗಲೂ ಇಷ್ಟವೇ. ಆ ಅನ್ನ ಯಾರನ್ನೂ ಸುಡುವುದಿಲ್ಲ. ಇಲಿ ತಿನ್ನುತ್ತದೆ, ಗುಬ್ಬಿ ತಿನ್ನುತ್ತದೆ. ಹಿಂದಿನ ಸೀಟಿನಲ್ಲಿ ನಾನು ಕೂಸಿನ ಎದೆಯ ಮೇಲೆ ಕೈ ಇಟ್ಟು ಗುಳಿ ಏಳುವುದನ್ನೇ ಕಾಯುತ್ತಿದ್ದೆ. ಪ್ರತಿ ಸಲ ಏಳುವುದು ಸ್ವಲ್ಪ ತಡವಾಗುತ್ತಿತ್ತು. ರೇಣುಕಾ ನನ್ನ ಕಡೆ ನೋಡಲಿಲ್ಲ. ಕೂಸನ್ನು ಅವಳಿಂದ ಕಿತ್ತುಕೊಳ್ಳುವಾಗ ಅವಳ ಮುಂಗೈಗೆ ನನ್ನ ಬಳೆ ತಾಗಿ ರಕ್ತ ಬಂದಿತ್ತು. ಅದನ್ನು ಒರೆಸಿಕೊಂಡೂ ಇರಲಿಲ್ಲ.

ದವಾಖಾನೆಯಲ್ಲಿ ನರ್ಸಬಾಯಿ ಕೂಸನ್ನು ಟೇಬಲ್ಲಿನ ಮೇಲೆ ಇಟ್ಟುಕೊಂಡವಳು ಎದೆ ನೋಡಲಿಲ್ಲ, ಉಸಿರು ನೋಡಲಿಲ್ಲ. ಮೊದಲು ಅರಿವೆ ಸರಿಸಿ ಹೊಟ್ಟೆ ನೋಡಿದಳು. "ಸದ್ಯ, ಸುಟ್ಟಿಲ್ಲ," ಎಂದಳು. ಒಳಗಿನ ಡಾಕ್ಟರಿಗೆ ಕೂಗಿ ಹೇಳಿದಳು, "ಸರ್, ಇದು ಸುಟ್ಟಿಲ್ರಿ." ಆ ಒಂದು ಮಾತಿನಲ್ಲಿ ಅವಳು ಎಷ್ಟು ಹೊಟ್ಟೆ ನೋಡಿದ್ದಾಳೆ ಎಂಬುದು ನನಗೆ ತಿಳಿಯಿತು. ನಾನು ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡೆ. ಕಾಲು ಹಿಡಿದ ಕೈ ಅದು.

ಶ್ವಾಸಕ್ಕೆ ಕಫ ಇಳಿದಿದೆ, ಹೊಗೆಯ ಕೋಣೆಯಲ್ಲಿ ಇಟ್ಟಿದ್ದಿರಾ ಎಂದು ಡಾಕ್ಟರು ಕೇಳಿದರು. ಹೌದೆಂದೆ. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಒಂಬತ್ತು ದಿನ ಮೂಗಿಗೆ ಸಣ್ಣ ನಳಿಕೆ ಹಾಕಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರು. ಹತ್ತನೇ ದಿನ ಮೊಲೆಗೆ ಬಾಯಿ ಹಾಕಿತು ನೋಡಿರಿ, ಚಪ್ ಚಪ್ ಎಂದು, ಮದುವೆಯೂಟಕ್ಕೆ ಕೂತ ನನ್ನ ತಮ್ಮನ ಹಾಗೆ. ವಾರ್ಡಿನ ನೆಲದ ಮೇಲೆ ಕೂತು ನಾನು ಹುಚ್ಚಿಯ ಹಾಗೆ ನಕ್ಕೆ. ಪಕ್ಕದ ಹಾಸಿಗೆಯವರಿಗೆಲ್ಲ ಹೋಳಿಗೆ ಹಂಚುತ್ತೇನೆಂದೆ. ಹೋಳಿಗೆ ಅಲ್ಲೆಲ್ಲಿ? ಬಿಸ್ಕೀಟು ಹಂಚಿದೆ.

ಆಮೇಲೆ ಶುರುವಾಯಿತು ತಮಾಷೆ. ಕೂಸು ಉಳಿಯಿತಲ್ಲ, ಉಳಿಸಿದವರು ಯಾರು? ವೀರೇಶ ಕಂಡಕಂಡವರಿಗೆ, "ಅಕ್ಕ ಚುಟಿಗಿ ಹಾಕಸ್ತೀನಿ ಅಂತ ಕುಂತಿದ್ಲು, ನಾನಽ ಗಾಡಿ ತಗದೆ," ಎಂದ. ನಿಂಬೆಹಣ್ಣಿನ ಸುದ್ದಿಯನ್ನು ಮಾತ್ರ ಬಿಡದೆ ಸೇರಿಸುತ್ತಿದ್ದ. ಗಿಣಿಗೇರಾದ ಬೀಗತಿ ಹೇಮಗುಡ್ಡದ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಳಂತೆ, ತೀರಿಸಲಿಕ್ಕೆ ನನ್ನನ್ನೂ ಕರೆದೊಯ್ದಳು. ದೇವಿಯ ಮೇಲೆ ನನ್ನದೇನೂ ತಕರಾರಿಲ್ಲ. ಆಕೆ ಯಾರ ಹೊಟ್ಟೆಯನ್ನೂ ಸುಡು ಎಂದವಳಲ್ಲ. ಹೋಗಿ ಕೈ ಮುಗಿದು ಬಂದೆ. ಎಲ್ಲರನ್ನೂ ಮೀರಿಸಿದವಳು ಹನುಮವ್ವ. ಬಾವಿಕಟ್ಟೆಯಲ್ಲಿ ಕೊಡ ಇಟ್ಟುಕೊಂಡು, "ಹಾಕಲಿಲ್ಲ ಖರೆ, ಕೊಂಬಿನ ಕಾವು ತಾಗಿತ್ತಲ್ಲ ಕೂಸಿಗೆ, ಅಷ್ಟಽ ಸಾಕಾತು," ಎಂದಳಂತೆ. ಕೇಳಿದವರು ಹೌದೆಂದು ತಲೆದೂಗಿದರಂತೆ. ಆ ನಳಿಕೆಗೆ, ಮೂರು ರಾತ್ರಿ ಕಣ್ಣು ಮುಚ್ಚದೆ ಕೂಸನ್ನು ನೋಡಿಕೊಂಡ ನರ್ಸಬಾಯಿಗೆ, ಬ್ಯಾಡ ಎಂದ ರೇಣುಕಾಗೆ, ಊರಿನಲ್ಲಿ ಒಬ್ಬರೂ ಒಂದು ಮಾತು ಅನ್ನಲಿಲ್ಲ.

ಈ ಆರು ವರ್ಷದಲ್ಲಿ ನಾನು ಇವರನ್ನೆಲ್ಲ ಆಡಿಕೊಂಡು ನಕ್ಕಿದ್ದೇನೆ. ಹನುಮವ್ವ ಎದುರಾದರೆ, "ಇವತ್ತ ಯಾರಿಗೆ ಕಾವು ತೋರಿಸಿದೆಬೇ?" ಎನ್ನುತ್ತೇನೆ. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಮೂರನೇ ದಿನ ನಾನು ಹೋಗಿ ಕಿಟಕಿಯ ಚೀಲ ಕಿತ್ತು ಬರುತ್ತೇನೆ. ಬೈಸಿಕೊಂಡು ಬರುತ್ತೇನೆ. ನಾನು ಭಾಳ ತಿಳಿದವಳಾದೆ ಎಂದು ನನಗೇ ಅನ್ನಿಸಿತ್ತು.

ಈ ಎಳ್ಳಮವಾಸ್ಯೆಯ ದಿನ, ಕೊಂಬಿನ ಗದ್ದಲ ಮುಗಿದ ಮೇಲೆ, ಹೊಲಕ್ಕೆ ಹೋಗುವ ಮುಂಚೆ ರೇಣುಕಾಳ ತಲೆ ತೊಳೆಯಲು ಕೂರಿಸಿದೆ. ಬಚ್ಚಲಿನ ಕಲ್ಲಿನ ಮೇಲೆ ಅವಳು ತಲೆ ಬಗ್ಗಿಸಿ ಕೂತಿದ್ದಳು, ಸೀರೆ ಸೊಂಟದ ಕಡೆ ಸರಿದಿತ್ತು. ಸಾನ್ವಿ ಶಾಂಪೂ ಚೀಟಿ ಹಿಡಿದು ನಿಂತವಳು ಬೆರಳು ಚಾಚಿ ಅವಳ ಹೊಟ್ಟೆ ಮುಟ್ಟಿದಳು.

"ಮಮ್ಮಿ, ಇವೇನು?"

"ಹುಟ್ಟುವಾಗಿಂದ ಅದಾವ," ಎಂದಳು ರೇಣುಕಾ ನೊರೆಯೊಳಗಿಂದ.

ಸಾನ್ವಿ ತನ್ನ ಅಂಗಿ ಎತ್ತಿ ತನ್ನ ಹೊಟ್ಟೆ ನೋಡಿಕೊಂಡಳು. "ನನಗಿಲ್ಲ?"

ರೇಣುಕಾ ನನ್ನನ್ನು ಉಳಿಸುತ್ತಿದ್ದಳು. ಆ ಒಂದು ಸುಳ್ಳು ಹಾಗೆಯೇ ಬಿಟ್ಟಿದ್ದರೆ ಆಗುತ್ತಿತ್ತು.

"ಹುಟ್ಟುವಾಗ ಇದ್ದಿದ್ದಿಲ್ಲ," ಎಂದೆ. "ನಾನಽ ಸುಡಿಸೀನಿ, ನಿಮ್ಮವ್ವ ಕೂಸಿದ್ದಾಗ."

"ಯಾಕ?"

"ಎಲ್ಲಾರೂ ಸುಡಸ್ತಿದ್ರು, ಅದಕ್ಕ."

ಸಾನ್ವಿ ಅಂಗಿ ಕೆಳಗೆ ಬಿಟ್ಟಳು. ಇದು ಅವಳಿಗೆ ಉತ್ತರವೆನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. "ಅಜ್ಜಿ, ನಮ್ಮ ಸಾಲ್ಯಾಗ ಯಾರಿಗರ ನೋವು ಮಾಡಿದ್ರ ಸಾರಿ ಅನಬೇಕು. ನೀ ಅಂದಿಯೇನು?"

ಊರನ್ನೆಲ್ಲ ತಿದ್ದಲು ಹೋದವಳು ನಾನು. ಹನುಮವ್ವನಿಗೆ ನಾಚಿಕೆಯಿಲ್ಲ ಎಂದವಳು. ಕೊಪ್ಪಳದ ದಾರಿಯಲ್ಲಿ ಮಗಳ ಮುಂಗೈಯ ರಕ್ತ ನೋಡಿಯೂ ಸುಮ್ಮನಿದ್ದವಳು. ಮೂವತ್ತು ವರ್ಷ ಆ ಹೊಟ್ಟೆ ಮುಟ್ಟಿದ್ದೇನೆ, ಎಣ್ಣೆ ಹಚ್ಚಿದ್ದೇನೆ, ನೀರು ಹೊಯ್ದಿದ್ದೇನೆ. ಆ ಒಂದು ಮಾತು ಆಡಿರಲಿಲ್ಲ.

"ರೇಣುಕಾ," ಎಂದೆ. "ತಪ್ಪಾತವಾ. ಅದೂ ತಪ್ಪಾತು, ಆ ದಿನ ಕೂಸು ಕಸಗೊಂಡಿದ್ದೂ ತಪ್ಪಾತು."

ಅವಳು ತಲೆ ಎತ್ತಲಿಲ್ಲ. ನೊರೆ ಹನಿಹನಿಯಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ಅವಳ ಕೈ ಹಿಂದಕ್ಕೆ ಬಂದು ತಂಬಿಗೆ ಹುಡುಕಿತು, ನನ್ನ ಬಲಗೈ ಸಿಕ್ಕಿತು, ಅದನ್ನೇ ಹಿಡಿದುಕೊಂಡಿತು. ಬಿಗಿಯಾಗಿ, ಬಹಳ ಹೊತ್ತು.

"ಇನ್ನರ ನೀರ ಹಾಕಬೇ," ಎಂದಳು ಕೊನೆಗೆ. "ಕಣ್ಣಾಗ ನೊರಿ ಹೊಕ್ಕೈತಿ."